ಖಣದ ಪರಕರ-ಪೋಲಕ: ಆನ್‌ಲೈನ್ ವ್ಯಾಪಾರಕ್ಕೆ ನಿಶ್ ಹುಡುಕಾಟ, ಈವರೆಗಿನ ದಾಖಲೆ

ಆನ್‌ಲೈನಿನಲ್ಲಿ ಮಾರಲು ನಾವು ಒಂದು ನಿಶ್, ಅಂದರೆ ಪೈಪೋಟಿ ಕಡಿಮೆ ಇರುವ ಸಣ್ಣ ಮಾರುಕಟ್ಟೆ ಹುಡುಕುತ್ತಿದ್ದೇವೆ. ಸದ್ಯ ಉಳಿದಿರುವುದು ಖಣದ (ಅಂಚಿರುವ ರವಿಕೆ ಬಟ್ಟೆಯ) ಪರಕರ-ಪೋಲಕ, ಅಂದರೆ ಹೆಣ್ಣುಮಕ್ಕಳ ಲಂಗ-ರವಿಕೆ. ಸರಕಿಗೆ ಹಾಕಿಕೊಂಡ ಷರತ್ತುಗಳು ನಾಲ್ಕು. ಸರಕು ಬೆಳಗಾವಿ, ಬಾಗಲಕೋಟೆ, ವಿಜಯಪುರದ ಸುತ್ತಲೇ ಸಿಗಬೇಕು. ಪಾರ್ಸಲ್ ಅರ್ಧ ಕಿಲೋ ದಾಟಬಾರದು. ಆರು ತಿಂಗಳು ಕಪಾಟಿನಲ್ಲಿದ್ದರೂ ಕೆಡಬಾರದು. ಗಿರಾಕಿ ಕಿಲೋ ಲೆಕ್ಕದಲ್ಲಿ ಇನ್ನೊಬ್ಬರ ದರಕ್ಕೆ ಹೋಲಿಸಲು ಬರಬಾರದು. ಕೊನೆಯದನ್ನು ಬಹಳ ಮಂದಿ ಪಟ್ಟಿಯಲ್ಲೇ ಸೇರಿಸುವುದಿಲ್ಲ, ಆದರೆ ಲಾಭ ಉಳಿಯುವುದೂ ಹೋಗುವುದೂ ಅದರ ಮೇಲೆಯೇ.

ಪಟ್ಟಿಯಿಂದ ಹೊರಬಿದ್ದವು

ಬೆಳಗಾವಿ ಕುಂದಾ ಮೊದಲ ಸುತ್ತಿನಲ್ಲೇ ಹೋಯಿತು. ಖವಾದ ಸಿಹಿಗೆ ಬೇಸಿಗೆಯ ಕೊರಿಯರ್ ಹೊಂದುವುದಿಲ್ಲ. ಕರದಂಟು ಕೆಡುವುದಿಲ್ಲ, ನಿಜ. ಆದರೆ ಗೋಕಾಕ, ಅಮೀನಗಡದ ಹಳೆಯ ಅಂಗಡಿಗಳ ಹೆಸರಿನ ಮುಂದೆ ಹೊಸ ಡಬ್ಬಿಯನ್ನು ಯಾರೂ ಕೊಳ್ಳುವುದಿಲ್ಲ. ಬಾಣಂತಿಯರಿಗೆಂದು ಅಂಟಿನುಂಡಿ ಮಾರುವ ದಾರಿ ಉಂಟು, ಆದರೆ ಅಲ್ಲಿ ಆರೋಗ್ಯದ ಭರವಸೆ ಬರೆಯದೆ ಮಾರಾಟವಾಗದು, ಬರೆದರೆ ಆಹಾರ ಸುರಕ್ಷತಾ ನಿಯಮಕ್ಕೆ ಉತ್ತರ ಕೊಡಬೇಕು. ವಿಜಯಪುರದ ಒಣದ್ರಾಕ್ಷಿ ನಾಲ್ಕನೆಯ ಷರತ್ತಿನಲ್ಲೇ ಬಿತ್ತು.

ಕಡಕ ರೊಟ್ಟಿ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ, ಕೊರಿಯರ್ ಬಿಲ್ಲಿನಲ್ಲಿ ಸೋಲುತ್ತದೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವುದು ಗಾತ್ರದ ತೂಕ. 28×28×15ರ ಡಬ್ಬಿಗೆ ಅದು 2.35 ಕಿಲೋ. ಒಳಗೆ ಒಂದು ಕಿಲೋ ರೊಟ್ಟಿ ಇದ್ದರೂ ಎರಡೂವರೆ ಕಿಲೋ ದರ ಬೀಳುತ್ತದೆ. ಡಬ್ಬಿ ಸಣ್ಣದು ಮಾಡಿದರೆ ರೊಟ್ಟಿ ಚೂರು.

ಇಳಕಲ್ಲ ಸೀರೆ ಬಿಟ್ಟಿದ್ದಕ್ಕೆ ಬೇಡಿಕೆಯ ಕೊರತೆ ಕಾರಣವಲ್ಲ. ಕೊಂಡಿ ಹಾಕಿ ಸೆರಗು ಜೋಡಿಸಿದ ಕೈಮಗ್ಗದ ಸೀರೆಗೂ ಪವರ್‌ಲೂಮಿನ ಸೀರೆಗೂ ಫೋಟೋದಲ್ಲಿ ವ್ಯತ್ಯಾಸ ಕಾಣುವುದಿಲ್ಲ, ಬೆಲೆಯಲ್ಲಿ ಮಾತ್ರ ಕಾಣುತ್ತದೆ. ಹೊಸ ಮಾರಾಟಗಾರ ಆ ಜಗಳದಲ್ಲಿ ಇಳಿಯಬಾರದು.

ಉಳಿದದ್ದು ಗುಳೇದಗುಡ್ಡದ ಖಣ

ಖಣವನ್ನು ಮೀಟರ್ ಲೆಕ್ಕದಲ್ಲಿ ಮಾರಿದರೆ ಅದೂ ದರದ ಪೈಪೋಟಿಯೇ. ಹಾಗಾಗಿ ಪ್ರಶ್ನೆಯನ್ನು ತಿರುಗಿಸಲಾಯಿತು: ಈ ಬಟ್ಟೆಯ ಯಾವ ಗುಣ ಬೇರೆ ಬಟ್ಟೆಗಿಲ್ಲ, ಆ ಗುಣ ಯಾರಿಗೆ ಬೇಕು?

ಗುಣ ಪನ್ನಾದಲ್ಲಿದೆ, ಅಂದರೆ ಬಟ್ಟೆಯ ಅಗಲದಲ್ಲಿ. ನಾವು ಅಳೆದ ಥಾನುಗಳು ಸುಮಾರು 30 ಇಂಚು, ಎರಡೂ ಬದಿಗೆ ಅಂಚು. ದೊಡ್ಡವರ ಬಟ್ಟೆಗೆ ಇದು ತೊಡಕು. ಮಕ್ಕಳ ಪರಕರಕ್ಕೆ ಮಾತ್ರ ವರ. ಬಟ್ಟೆಯನ್ನು ಅಡ್ಡ ತಿರುಗಿಸಿದರೆ ಅಂಚು ತಾನಾಗಿಯೇ ಪರಕರದ ಕೆಳತುದಿಗೆ ಬರುತ್ತದೆ, ಮಗ್ಗದ ಅಂಚಾದ್ದರಿಂದ ಎಳೆ ಬಿಚ್ಚುವುದಿಲ್ಲ, ಕೆಳಗೆ ಮಡಚಿ ಹೊಲಿಯುವ ಕೆಲಸವೂ ಇಲ್ಲ. ಸೊಂಟದ ಮಡಿಕೆಗೆ ಒಂದೂವರೆ ಇಂಚು ಕಳೆದರೆ ಗರಿಷ್ಠ ಉದ್ದ 28.5 ಇಂಚು, ಅಂದರೆ ಏಳು ವರ್ಷದ ಆಸುಪಾಸಿನ ಹುಡುಗಿಯವರೆಗೆ.

ಅಳತೆವಾರು ಲೆಕ್ಕ ಹೀಗೆ ಬಂತು. ಘೇರ, ಅಂದರೆ ಪರಕರದ ಕೆಳಸುತ್ತು, ಸೊಂಟದ ಎರಡೂವರೆ ಪಟ್ಟು. ಒಂದು ವರ್ಷದ ಮಗುವಿಗೆ ಪನ್ನಾವನ್ನು ನಡುವೆ ಸೀಳಿದರೆ 15 ಇಂಚಿನ ಎರಡು ಪಟ್ಟಿ, ಎರಡಕ್ಕೂ ಒಂದೊಂದು ಅಂಚು. 1.2 ಮೀಟರಿನಲ್ಲಿ ಎರಡು ಪರಕರ. ಪೋಲಕಕ್ಕೆ ತಲಾ ಅರ್ಧ ಮೀಟರ್ ಬೇರೆ ಬೇಕು, ಒಟ್ಟು ಒಂದು ಜೋಡಿಗೆ 1.1 ಮೀಟರ್. ಮೂರು ವರ್ಷದ ಅಳತೆ ಇನ್ನೂ ಚಂದ. 18.5 ಇಂಚು ಪರಕರಕ್ಕೆ ಕತ್ತರಿಸಿದರೆ 11.5 ಇಂಚಿನ ಪಟ್ಟಿ ಅಂಚು ಸಮೇತ ಉಳಿಯುತ್ತದೆ. ಕೈಪಳಗಿದ ದರ್ಜಿ ಅದರಲ್ಲೇ ಪೋಲಕ ತೆಗೆಯುತ್ತಾನೆ, ಅಂಚು ಮೈಯ ಕೆಳತುದಿಗೂ ತೋಳಿಗೂ ಬರುತ್ತದೆ. ಒಟ್ಟು 1.3 ಮೀಟರ್. ಏಳು ವರ್ಷಕ್ಕೆ ಪನ್ನಾ ಪೂರ್ತಿ ಪರಕರಕ್ಕೇ ಹೋಗುವುದರಿಂದ 2.3 ಮೀಟರ್ ಬೇಕು.

ಖಣ ಮೀಟರಿಗೆ 300 ರೂಪಾಯಿ ಎಂದು ಹಿಡಿದು ಮೂರು ವರ್ಷದ ಜೋಡಿಯ ಲೆಕ್ಕ: ಬಟ್ಟೆ 390, ಅಸ್ತರ 50, ಹೊಲಿಗೆ 160, ಗುಂಡಿ-ಲಾಡಿ 20, ಪ್ಯಾಕಿಂಗ್ 20. ಒಟ್ಟು 640. ಮಾರುವ ಬೆಲೆ 1,199. ಅದರೊಳಗಿನ ಶೇ 5ರ ಜಿಎಸ್‌ಟಿ 57, ಕೊರಿಯರ್ 80, ಪೇಮೆಂಟ್ ಗೇಟ್‌ವೇ 28. ಹತ್ತರಲ್ಲಿ ಎರಡು ವಾಪಸು ಬರುತ್ತವೆ ಎಂದುಕೊಂಡರೆ ಹೋಗಿಬರುವ ಖರ್ಚು ಮಾರಾಟವಾದ ಎಂಟರ ಮೇಲೆ ತಲಾ 40. ಉಳಿಯುವುದು 354. ಜಾಹೀರಾತಿನ ಖರ್ಚು ಇದರಲ್ಲೇ ಆಗಬೇಕು. ಏಳು ವರ್ಷದ ಜೋಡಿಯನ್ನು 1,599ಕ್ಕೆ ಮಾರಿದರೂ ಇದೇ ಕ್ರಮದಲ್ಲಿ ಉಳಿಯುವುದು 325. ಬಟ್ಟೆಯ ಜೊತೆ ಅಸ್ತರ, ಹೊಲಿಗೆಯೂ ಏರಿ ಹೂಡಿಕೆ 400 ಹೆಚ್ಚು, ಲಾಭ ಕಡಿಮೆ. ಆದ್ದರಿಂದ ಸದ್ಯಕ್ಕೆ ಒಂದರಿಂದ ನಾಲ್ಕು ವರ್ಷದ ಅಳತೆ ಮಾತ್ರ. (ಖರೀದಿಯ ಮೇಲೆ ಸಿಗುವ ತೆರಿಗೆ ಜಮೆಯನ್ನು ಇಲ್ಲಿ ಹಿಡಿದಿಲ್ಲ.)

ಬೇಡಿಕೆ ಇದೆಯೇ

ಹುಡುಕಾಟದ ಪದ ಆರಿಸುವಾಗ ಎಚ್ಚರ ಬೇಕು. ಇಂಗ್ಲಿಷ್ ಅಕ್ಷರದಲ್ಲಿ ಖಣ ಎಂದು ಬರೆದರೆ ಪರದೆ ತುಂಬ ಹಿಂದಿಯ ಊಟವೇ ಬರುತ್ತದೆ. ‘ಖಣ ಬಟ್ಟೆ’, ‘ಖಣ ಪರಕರ ಪೋಲಕ’ ಎಂದು ಜೋಡಿಸಿ, ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ನೋಡಬೇಕು. ಗೂಗಲ್ ಟ್ರೆಂಡ್ಸ್ ಇಂಥ ಸಣ್ಣ ಪದಗಳಿಗೆ ಸೊನ್ನೆ ತೋರಿಸುವುದುಂಟು. ಸೊನ್ನೆ ಎಂದರೆ ಗಿರಾಕಿ ಇಲ್ಲವೆಂದಲ್ಲ, ಅಳೆಯುವಷ್ಟು ಸಂಖ್ಯೆ ಇಲ್ಲವೆಂದು. ಅದಕ್ಕಿಂತ ಹುಡುಕುಪೆಟ್ಟಿಗೆ ತಾನೇ ಸೂಚಿಸುವ ಪದಗಳು ಹೆಚ್ಚು ಹೇಳುತ್ತವೆ.

ಮಾರಾಟ ತಾಣಗಳಲ್ಲಿ ಮಕ್ಕಳ ಸಾಂಪ್ರದಾಯಿಕ ಉಡುಪಿನ ಕೆಳಗೆ ಒಂದರಿಂದ ಮೂರು ನಕ್ಷತ್ರದ ಅಭಿಪ್ರಾಯಗಳನ್ನೇ ಓದಿ, ಐದು ನಕ್ಷತ್ರದವು ಬೇಡ. ದೂರುಗಳು ಎರಡೇ ಜಾತಿಯವು: ಚುಚ್ಚುತ್ತದೆ, ಅಳತೆ ಕೂಡಲಿಲ್ಲ. ಎರಡಕ್ಕೂ ಪರಿಹಾರ ಕೊಡಬಲ್ಲೆವಾದರೆ ಜಾಗ ಇದೆ ಎಂದರ್ಥ. ಅಳತೆಗೆ ವಯಸ್ಸನ್ನು ಬರೆಯದೆ ಸೊಂಟದಿಂದ ಕಾಲ್ಗಂಟಿನವರೆಗಿನ ಇಂಚನ್ನೇ ಕೇಳುವುದು ಒಳ್ಳೆಯದು.

ಗಿರಾಕಿ ಬರುವ ಕಾಲ ಗೊತ್ತಿದೆ: ತೊಟ್ಟಿಲ ಕಾರ್ಯ, ಮೊದಲ ಹುಟ್ಟುಹಬ್ಬ, ದಸರಾ, ಯುಗಾದಿ. ಮಹಾರಾಷ್ಟ್ರದ ಮನೆಗಳಲ್ಲಿ ಸಂಕ್ರಾಂತಿಗೆ ಕಪ್ಪು ಬಟ್ಟೆ ತೊಡುವ ರೂಢಿ, ಸಣ್ಣ ಮಕ್ಕಳ ತಲೆಗೆ ಬೋರೆಹಣ್ಣು ಸುರಿಯುವ ಕಾರ್ಯವೂ ಆಗಲೇ. ಕಪ್ಪು ಮೈ, ಕೆಂಪು ಅಂಚಿನ ಖಣ ಅಲ್ಲಿಗೆ ಹೇಳಿ ಮಾಡಿಸಿದ್ದು. ಬೆಳಗಾವಿಯಿಂದ ಕೊಲ್ಹಾಪುರ ಬೆಂಗಳೂರಿಗಿಂತ ಹತ್ತಿರ, ಆದರೆ ತೆರಿಗೆಯ ಕಣ್ಣಿನಲ್ಲಿ ಅದು ಹೊರರಾಜ್ಯ. 2023ರ ಅಕ್ಟೋಬರ್ 1ರಿಂದ ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ವ್ಯಾಪಾರಿಗೂ ಆನ್‌ಲೈನ್ ತಾಣಗಳಲ್ಲಿ ಮಾರಲು ಅವಕಾಶವಿದೆ, ರಾಜ್ಯದೊಳಗೆ ಮಾತ್ರ. ಮಹಾರಾಷ್ಟ್ರಕ್ಕೂ ಮಾರಬೇಕಾದ್ದರಿಂದ ನಾವು ಜಿಎಸ್‌ಟಿ ನೋಂದಣಿ ಮಾಡಿಸಿಯೇ ಹೊರಡಬೇಕು.

ಮಾದರಿಯಲ್ಲಿ ಕಂಡ ತೊಡಕು

ಖಣದ ಹೂವು ಹೆಚ್ಚುವರಿ ಹಾಸಿನ (ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ) ಎಳೆಯಿಂದ ಮೂಡುತ್ತದೆ. ಬೇಡವಾದ ಕಡೆ ಆ ಎಳೆ ಹಿಂಬದಿಯಲ್ಲಿ ಸಡಿಲವಾಗಿ ಹರಿಯುತ್ತದೆ, ಮಗುವಿನ ಬೆರಳು ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಪೋಲಕಕ್ಕೂ ಮಲ್‌ಮಲ್ ಅಸ್ತರ ಕಡ್ಡಾಯ. ಕುಗ್ಗುವಿಕೆಯೂ ತಪ್ಪು ಜಾಗದಲ್ಲಿ ಹೊಡೆಯುತ್ತದೆ: ಹತ್ತಿ ಇರುವುದು ಹೊಕ್ಕಿನಲ್ಲಿ, ಅಂದರೆ ಅಡ್ಡ ಎಳೆಯಲ್ಲಿ, ಕುಗ್ಗುವುದು ಪನ್ನಾ, ನಮ್ಮ ಪರಕರದ ಉದ್ದವೇ ಅದು. ಶೇ 3 ಕುಗ್ಗಿದರೂ ಒಂದು ಇಂಚಿನ ಹತ್ತಿರ ಹೋಯಿತು. ಕತ್ತರಿಸುವ ಮುನ್ನ ಥಾನಿಗೆ ಹಬೆ ಇಸ್ತ್ರಿ ಕೊಟ್ಟು ಮತ್ತೆ ಅಳೆಯಬೇಕು. ಬಣ್ಣ ಬಿಡುವುದನ್ನು ನೋಡಲು ಒದ್ದೆ ಬಿಳಿ ಹತ್ತಿಯನ್ನು ಮೇಲಿಟ್ಟು ಬಿಸಿ ಇಸ್ತ್ರಿ ಒತ್ತಿದರೆ ಸಾಕು. ಕೆಂಪು, ಕಡುನೀಲಿಯನ್ನು ಪರೀಕ್ಷಿಸದೆ ಬಿಳಿ ಅಸ್ತರಕ್ಕೆ ಹಚ್ಚಬಾರದು.

ಮಗ್ಗಕ್ಕೆ ಒಮ್ಮೆ ಏರಿಸಿದ ಹಾಸು ಮುಗಿದರೆ ಅದೇ ಬಣ್ಣ ಮತ್ತೆ ಬರುತ್ತದೆಂಬ ಖಾತ್ರಿಯಿಲ್ಲ. ಪ್ರತಿ ಹಾಸಿಗೂ ಬೇರೆ ಫೋಟೋ, ಬೇರೆ ಕೋಡ್.

ಈಗಿನ ಸ್ಥಿತಿ

ವಾಟ್ಸ್ಆ್ಯಪ್ ಬಿಸಿನೆಸ್ ಕ್ಯಾಟಲಾಗಿನಲ್ಲಿ ಮೂರು ಬಣ್ಣ, ದಿನಕ್ಕೆ 250 ರೂಪಾಯಿಯ ಜಾಹೀರಾತು, ಮುಂಗಡ 200 ಯುಪಿಐ ಮೂಲಕ. ಲೈಕು, ‘ರೇಟ್ ಎಷ್ಟು’ ಎಂಬ ಪ್ರಶ್ನೆ ಲೆಕ್ಕಕ್ಕಿಲ್ಲ, ಮುಂಗಡ ಬಂದದ್ದು ಮಾತ್ರ ಬೇಡಿಕೆ. ಒಂದು ಮುಂಗಡಕ್ಕೆ ಜಾಹೀರಾತು 200 ರೂಪಾಯಿಯೊಳಗೆ ನಿಂತರೆ ಹೊಲಿಗೆ ಶುರು, 350 ದಾಟಿದರೆ ನಿಲ್ಲಿಸಿ ಫೋಟೋ ಬದಲಿಸುವುದು.

ಎರಡನೆಯ ಸಾಲಿನಲ್ಲಿ ಕಾಯುತ್ತಿರುವುದು ಮುಧೋಳ ನಾಯಿಯ ಕೊರಳಪಟ್ಟಿ. ಈ ತಳಿಯ ತಲೆ ಕೊರಳಿಗಿಂತ ಸಪೂರ, ಸಾಮಾನ್ಯ ಪಟ್ಟಿ ಎಳೆದ ಕೂಡಲೇ ಕಳಚಿಕೊಳ್ಳುತ್ತದೆ. ಎಳೆದಾಗ ಮಿತವಾಗಿ ಬಿಗಿಯುವ, ಒಂದೂವರೆಯಿಂದ ಎರಡು ಇಂಚು ಅಗಲದ ಪಟ್ಟಿ ಬೇಕು. ನಾಲ್ಕೂ ಷರತ್ತು ದಾಟುತ್ತದೆ, ಗಿರಾಕಿ ಹಬ್ಬಕ್ಕೆ ಕಾಯುವುದೂ ಇಲ್ಲ.

ಸದ್ಯ ಬಾಕಿ: ಕಪ್ಪು ಖಣದ ಹಾಸು ಏರಿಸಲು ಮಗ್ಗದವರಿಗೆ ದಸರೆಯೊಳಗೆ ಹೇಳಬೇಕು. ನವೆಂಬರ್ ಕೊನೆಗೆ ಬಟ್ಟೆ ಕೈಸೇರದಿದ್ದರೆ ಹೊಲಿದು, ಫೋಟೋ ತೆಗೆದು, ಜನವರಿಯ ಸಂಕ್ರಾಂತಿಗೆ ಪುಣೆ ಮುಟ್ಟಿಸಲು ಆಗದು.