ಮಳೆ ಲೆಕ್ಕ: ಜೂನ್ 8ಕ್ಕೇ ನಿಂತುಹೋದ ಗ್ರಾಫ್

ಹಳೇ ಲ್ಯಾಪ್‌ಟಾಪಿನಿಂದ ಹೊಸದಕ್ಕೆ ಎಲ್ಲ ಸಾಗಿಸಿದ್ದಾಯ್ತು. ಜೂನ್ ತಿಂಗಳ ಗ್ರಾಫ್ ನೋಡಿ ಅಮ್ಮ ನಕ್ಕಳು. "ಇಷ್ಟೇ ಮಳೆಯಾ? ಒಮ್ಮೆ ಬಾವಿಗೆ ಬಗ್ಗಿ ನೋಡು ಮಾರಾಯ."

ಉಡುಪಿಯ ನಮ್ಮ ಮನೆ ಟೆರೇಸಿನಲ್ಲಿ ಒಂದು ಮಳೆಮಾಪಕ ಇದೆ. ಬೆಳಿಗ್ಗೆ 8.30ಕ್ಕೆ ಅಮ್ಮ ಅಳತೆ ನೋಡಿ ಕ್ಯಾಲೆಂಡರಿನ ಚೌಕದಲ್ಲಿ ಬರೆಯುತ್ತಾಳೆ. ಹವಾಮಾನ ಇಲಾಖೆಯವರ ಮಳೆ ದಿನವೂ ಅದೇ ಹೊತ್ತಿಗೆ ಶುರು. ನಾನು ಅದನ್ನು ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸಿಗೆ ಹಾಕಿ, ಪಿಎಚ್‌ಪಿ ಭಾಷೆಯಲ್ಲಿ ಬರೆದ ಕೋಡಿನಿಂದ ಮಿಲಿಮೀಟರ್ ಕಾಲಮ್ ಮಾತ್ರ ಹೊರತೆಗೆದು ಗ್ರಾಫ್ ಮಾಡುತ್ತೇನೆ.

ಟೇಬಲ್ಲಿನಲ್ಲಿ 30 ಸಾಲು ಸರಿಯಾಗಿಯೇ ಇದ್ದವು. ಗ್ರಾಫಿನಲ್ಲಿ ಮಾತ್ರ 8 ಕಂಬ. ಎರರ್ ಇಲ್ಲ, ಎಂತ ಇಲ್ಲ. 9ನೇ ತಾರೀಕಿನ ಚೌಕ ನೋಡಿದೆ: ಸೊನ್ನೆ. ಅವತ್ತು ಬಿಸಿಲು ಬಂದಿತ್ತು, ಬಟ್ಟೆ ಒಣಗಿತ್ತು!

ನನ್ನ ವೈಲ್ ಲೂಪ್ (ಷರತ್ತು ನಿಜ ಇರುವವರೆಗೆ ಮತ್ತೆ ಮತ್ತೆ ಓಡುವ ಕೋಡ್), ಒಂದೊಂದೇ ಸಾಲಿನ ಅಂಕಿ ತರುವ ಫೆಚ್‌ಕಾಲಮ್ ಕೊಟ್ಟದ್ದನ್ನೇ ಷರತ್ತಾಗಿ ಇಟ್ಟುಕೊಂಡಿತ್ತು. ಸಾಲು ಮುಗಿದಾಗ ಫೆಚ್‌ಕಾಲಮ್ ಫಾಲ್ಸ್ (ಸುಳ್ಳು) ಕೊಡುತ್ತದೆ, ಲೂಪ್ ನಿಲ್ಲುತ್ತದೆ. ಆದರೆ ಸೊನ್ನೆ ಬಂದರೂ ಪಿಎಚ್‌ಪಿ ಅದನ್ನು ಫಾಲ್ಸ್ ಅಂತಲೇ ಎಣಿಸುತ್ತದೆ. ಮಳೆ ಬಾರದ ದಿನವೇ ತಿಂಗಳ ಕೊನೆ ಆಗಿಬಿಟ್ಟಿತ್ತು.

ಹಾಗಾದರೆ ಇಷ್ಟು ವರ್ಷ ನಡೆದದ್ದು ಹೇಗೆ? ಇದಕ್ಕೆ ಒಂದು ಸಂಜೆಯೇ ಹೋಯ್ತು. ಎರಡೂ ಲ್ಯಾಪ್‌ಟಾಪ್ ಪಕ್ಕಪಕ್ಕ ಇಟ್ಟು, ಬಂದ ಅಂಕಿ ಯಾವ ವಿಧದ್ದು ಅಂತ ತೋರಿಸುವ ವಾರ್‌ಡಂಪ್ ಮಾಡಿದೆ. ಹಳೆಯದರಲ್ಲಿದ್ದದ್ದು ಪಿಎಚ್‌ಪಿ 7.4. ಅಲ್ಲಿ ಪಿಡಿಒ (ಪಿಎಚ್‌ಪಿಯನ್ನು ಡೇಟಾಬೇಸಿಗೆ ಜೋಡಿಸುವ ಭಾಗ) ಎಸ್‌ಕ್ಯೂಲೈಟಿನ ಅಂಕಿಗಳನ್ನು ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು ಮಾಡಿ ಕೊಡುತ್ತಿತ್ತು, ಸೊನ್ನೆ "0.0" ಆಗಿ ಬರುತ್ತಿತ್ತು. ಬರೀ "0" ಆದರೆ ಫಾಲ್ಸ್, "0.0" ಆದರೆ ಟ್ರೂ. ವಿಚಿತ್ರ ಅಲ್ವಾ? ಪಿಎಚ್‌ಪಿ 8.1ರಿಂದ ಅಂಕಿ ಅಂಕಿಯಾಗಿಯೇ ಬರುತ್ತದೆ. ಬದಲಾವಣೆ ಒಳ್ಳೆಯದೇ. ನನ್ನ ಕೋಡೇ ಅದೃಷ್ಟದ ಮೇಲೆ ಓಡುತ್ತಿತ್ತು.

ಫಾಲ್ಸ್‌ಗೆ ಕಟ್ಟುನಿಟ್ಟಾಗಿ ಹೋಲಿಸಿದ್ದರೆ, ಅಂದರೆ ಎರಡು ಸಮಚಿಹ್ನೆ ಇರುವ !== ಹಾಕಿದ್ದರೆ ಸಾಕಿತ್ತು. ಆದರೆ ಲೂಪನ್ನೇ ಕಿತ್ತುಹಾಕಿದೆ. ಎಲ್ಲ ಸಾಲನ್ನೂ ಒಮ್ಮೆಲೇ ತರುವ ಫೆಚ್‌ಆಲ್‌ಗೆ ಫೆಚ್ ಕಾಲಮ್ ಮೋಡ್ ಕೊಟ್ಟರೆ ಇಡೀ ಕಾಲಮ್ ಒಂದೇ ಅರೇ (ಪಟ್ಟಿ) ಆಗಿ ಬರುತ್ತದೆ. 30 ದಿನದ ಲೆಕ್ಕಕ್ಕೆ ಮೆಮೊರಿ ಚಿಂತೆ ಯಾಕೆ? ಆಮೇಲೆ ತಾರೀಕೂ ಬೇಕು ಅನಿಸಿ ಕೀ ಪೇರ್ ಮೋಡ್‌ಗೆ ಬಂದೆ. ಅದಕ್ಕೆ ಕ್ವೆರಿಯಲ್ಲಿ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆಯಲ್ಲಿ, ಸರಿಯಾಗಿ ಎರಡೇ ಕಾಲಮ್ ಇರಬೇಕು, ಮೊದಲನೆಯದು ಕೀ (ಇಲ್ಲಿ ತಾರೀಕು), ಎರಡನೆಯದು ಅದರ ಬೆಲೆ (ಇಲ್ಲಿ ಮಳೆ).

ಈಗ ಗ್ರಾಫ್ 30ನೇ ತಾರೀಕಿನವರೆಗೂ ಹೋಗುತ್ತದೆ. ಉಳಿದದ್ದು 21 ಮತ್ತು 22. ಅಮ್ಮ ಕಾರ್ಕಳಕ್ಕೆ ಮದುವೆಗೆ ಹೋಗಿದ್ದಳು, ಚೌಕ ಖಾಲಿ. 23ರಂದು ಮೂರೂ ದಿನದ ನೀರು ಒಟ್ಟಿಗೆ ಅಳೆದಿದ್ದಾಳೆ. ಅದನ್ನು ಮೂರು ಪಾಲು ಮಾಡಿ ಹಾಕೋಣ ಅಂದರೆ ಒಪ್ಪುತ್ತಿಲ್ಲ.