ಸೋಮವಾರದ ಮಳೆ ಭಾನುವಾರಕ್ಕೆ ಹೋಗಿದ್ದು

ಕಳೆದ ವಾರ ಭಾವ ಫೋನ್ ಮಾಡಿದರು. "ಅಲ್ಲ ಮಾರಾಯ, ಸೋಮವಾರ ಬೆಳಿಗ್ಗೆ ಅಳೆದ ಮಳೆಯನ್ನ ಭಾನುವಾರ ಅಂತ ಹಾಕಿದ್ದೀಯಲ್ಲ. ನನ್ನ ಲೆಕ್ಕಕ್ಕೂ ನಿನ್ನ ಲೆಕ್ಕಕ್ಕೂ ತಾಳೆಯೇ ಆಗ್ತಿಲ್ಲ" ಅಂದರು. ಅವರ ತೋಟ ನಮ್ಮಲ್ಲಿಂದ ನಾಲ್ಕು ಕಿಲೋಮೀಟರ್. ಇಬ್ಬರೂ ಮಳೆ ಅಳೆಯುತ್ತೇವೆ. ಅವರು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ, ನಾನು ಈ ಬ್ಲಾಗಿನಲ್ಲಿ.

ಒಂದು ದಿನ ಆಚೀಚೆ ಆದರೆ ಏನಾಯ್ತು ಅಂತ ಕೇಳಬಹುದು. ಮಳೆ ಲೆಕ್ಕದಲ್ಲಿ ಅದು ದೊಡ್ಡ ತಪ್ಪೇ. ಹವಾಮಾನ ಇಲಾಖೆಯವರು ಬೆಳಿಗ್ಗೆ 8:30ಕ್ಕೆ ಅಳೆಯುತ್ತಾರೆ, ಹಿಂದಿನ 24 ಗಂಟೆ ಬಿದ್ದದ್ದೆಲ್ಲ ಅಳೆದ ದಿನದ ಲೆಕ್ಕಕ್ಕೆ ಹೋಗುತ್ತದೆ. ನಾವೂ ಹಾಗೇ ಮಾಡುತ್ತೇವೆ. ಅಡಿಕೆಗೆ ಕೊಳೆರೋಗ ಬರದ ಹಾಗೆ ಬೋರ್ಡೋ ದ್ರಾವಣ ಹೊಡೆದ ದಿನ ಮಳೆ ಬಂತೋ, ಎರಡು ದಿನ ಬಿಟ್ಟು ಬಂತೋ ಅನ್ನುವುದನ್ನ ಆಮೇಲೆ ಕೊಳೆ ಕಂಡಾಗ ಹಿಂದೆ ತಿರುಗಿ ನೋಡಲೇಬೇಕಾಗುತ್ತದೆ. ಆಗ ತಾರೀಖೇ ಸುಳ್ಳು ಹೇಳಿದರೆ ಬರೆದಿಟ್ಟೇನು ಪ್ರಯೋಜನ?

ಮೊದಲು ನನ್ನ ಲ್ಯಾಪ್‌ಟಾಪಿನ ಗಡಿಯಾರ ನೋಡಿದೆ. ಸರಿಯಾಗೇ ಇತ್ತು. ಫೋನೂ ಸರಿ ಇತ್ತು. ಅದು ಸರಿ ಇದ್ದರೂ ಇಲ್ಲದಿದ್ದರೂ ಇಲ್ಲಿ ವ್ಯತ್ಯಾಸ ಆಗುವುದಿಲ್ಲ, ಯಾಕೆಂದರೆ ನಾವು ಪ್ರಕಟಿಸು ಅಂತ ಒತ್ತಿದಾಗ ಸಮಯದ ಮುದ್ರೆ ಬೀಳುವುದು ಸೇವೆ ಕೊಡುವವರ ಸರ್ವರ್‌ನಲ್ಲಿ. ಇದು ತಿಳಿಯದೆ ಅರ್ಧ ಗಂಟೆ ಹೋಯಿತು.

ನನ್ನ ಪುಟದಲ್ಲಿ ತಾರೀಖು ಮಾತ್ರ ಕಾಣುತ್ತದೆ, ಗಂಟೆ ಕಾಣುವುದಿಲ್ಲ. ತಪ್ಪು ಇಷ್ಟು ದಿನ ಅಡಗಿ ಕೂತಿದ್ದು ಅದಕ್ಕೇ. ಹಳೇ ಬರಹ ತೆಗೆದು ನೋಡಿದರೆ ಹೋದ ವರ್ಷದ್ದೆಲ್ಲ ಸರಿ ಇದೆ, ಈ ವರ್ಷದ್ದು ಮಾತ್ರ ಒಂದೊಂದು ದಿನ ಹಿಂದೆ. ಹೋದ ವರ್ಷ ನಾನು ರಾತ್ರಿ ಊಟ ಆದಮೇಲೆ ಬರೆಯುತ್ತಿದ್ದೆ, ಈ ವರ್ಷ ಮಾಪಕ ನೋಡಿ ಬಂದವನೇ ಬೆಳಿಗ್ಗೆಯೇ ಹಾಕುತ್ತಿದ್ದೇನೆ. ರಾತ್ರಿ ಬರೆದರೆ ಸರಿ, ಬೆಳಿಗ್ಗೆ ಬರೆದರೆ ತಪ್ಪು. ಅಂದರೆ ಆ ಗಡಿಯಾರ ನಿಂತಿಲ್ಲ, ಕೆಟ್ಟಿಲ್ಲ, ಬೇರೆ ಯಾವುದೋ ಊರಿನದು.

ಯಾವ ಊರಿನದು ಅಂತ ಹಿಡಿಯುವುದು ಸುಲಭ. ಗಂಟೆಯನ್ನೂ ತೋರಿಸುವ ಹಾಗೆ ಸೆಟ್ಟಿಂಗ್ ಬದಲಿಸಿ, ಸುಮ್ನೆ ಒಂದು ಪರೀಕ್ಷೆಯ ಬರಹ ಹಾಕಿ, ಗೋಡೆ ಗಡಿಯಾರದ ಸಮಯ ಬರೆದುಕೊಂಡೆ. ವ್ಯತ್ಯಾಸ ಸರಿಯಾಗಿ 12 ಗಂಟೆ 30 ನಿಮಿಷ. ಈ ವ್ಯತ್ಯಾಸವೇ ಎಲ್ಲಾ ಹೇಳುತ್ತದೆ. ನಿಮ್ಮದೂ ತಪ್ಪಿದ್ದರೆ ಮೊದಲು ಮಾಡಬೇಕಾದ ಕೆಲಸ ಇದು. ಐದೂವರೆ ಗಂಟೆ ಹಿಂದಿದ್ದರೆ ಅದು ಯುಟಿಸಿ, ಇಡೀ ಜಗತ್ತಿಗೆ ಅಳತೆಗೋಲಾದ ಸಮಯ, ಹೆಚ್ಚಾಗಿ ಯಾರೂ ಏನೂ ಆರಿಸಿಲ್ಲ ಅಂತ ಅರ್ಥ. ಹನ್ನೆರಡೂವರೆ ಇದ್ದರೆ ಅಮೆರಿಕದ ಪಶ್ಚಿಮ ಕರಾವಳಿ, ಕ್ಯಾಲಿಫೋರ್ನಿಯಾ ಕಡೆಯದು. ಒಂಬತ್ತೂವರೆ ಇದ್ದರೆ ನ್ಯೂಯಾರ್ಕ್. ಆದರೆ ಅಮೆರಿಕದ ಎರಡಕ್ಕೂ ಚಳಿಗಾಲದಲ್ಲಿ ಒಂದು ಗಂಟೆ ಸೇರಿಸಿಕೊಳ್ಳಿ. ಅವರು ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಮುಂದೆ ಇಟ್ಟು ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ, ನಾವು ಹಾಗೇನೂ ಮಾಡುವುದಿಲ್ಲ. ಹಾಗಾಗಿ ಜುಲೈಯಲ್ಲಿ ಹನ್ನೆರಡೂವರೆ ಇದ್ದದ್ದು ಡಿಸೆಂಬರ್‌ನಲ್ಲಿ ಹದಿಮೂರೂವರೆ ಆಗುತ್ತದೆ.

ನನ್ನ ಮಟ್ಟಿಗೆ ಎಲ್ಲಾ ಬಿಡಿಸಿಕೊಂಡಿತು. ಬೆಳಿಗ್ಗೆ ಎಂಟೂವರೆಗೆ ನಾನು ಹಾಕಿದಾಗ ಅಲ್ಲಿ ಹಿಂದಿನ ರಾತ್ರಿ ಎಂಟು ಗಂಟೆ. ಮಳೆಗಾಲದಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ಮುಂಚೆ ಏನೇ ಬರೆದರೂ ನಿನ್ನೆಯ ತಾರೀಖು ಬೀಳುತ್ತದೆ!

ಇಷ್ಟು ಗೊತ್ತಾಗುವ ಮುಂಚೆಯೇ ನಾನೊಂದು ತಪ್ಪು ಮಾಡಿಬಿಟ್ಟಿದ್ದೆ, ಅದನ್ನ ನೀವು ಮಾಡಬೇಡಿ. ಭಾವನ ಫೋನ್ ಬಂದ ದಿನವೇ ಹನ್ನೊಂದು ಬರಹಗಳ ತಾರೀಖನ್ನ ಒಂದೊಂದಾಗಿ ಕೈಯಲ್ಲಿ ತಿದ್ದಿ, ಎಲ್ಲದಕ್ಕೂ ಬೆಳಿಗ್ಗೆ 8:30 ಅಂತ ಹಾಕಿದೆ. ಆಮೇಲೆ ಸಮಯ ವಲಯ ಸರಿ ಮಾಡಿದಾಗ ತಿದ್ದದೆ ಬಿಟ್ಟವೆಲ್ಲ ತಾವಾಗೇ ಸರಿಹೋದವು, ತಿದ್ದಿದ ಹನ್ನೊಂದು ಮಾತ್ರ ರಾತ್ರಿ 9:00 ಅಂತ ತೋರಿಸಿದವು. ನಾನು ಹಾಕಿದ 8:30 ಕ್ಯಾಲಿಫೋರ್ನಿಯಾದ 8:30 ಆಗಿತ್ತು ಅಲ್ವಾ, ನಮ್ಮ ರಾತ್ರಿ ಒಂಬತ್ತಕ್ಕೇ ಅಲ್ಲಿ ಎಂಟೂವರೆ. ಬರಹ ಹೊರಬಿದ್ದ ಕ್ಷಣ ಮೊದಲಿಂದಲೂ ಸರಿಯಾಗೇ ದಾಖಲಾಗಿತ್ತು, ಅದನ್ನ ನಮಗೆ ತೋರಿಸುವ ಗಡಿಯಾರ ಮಾತ್ರ ತಪ್ಪಾಗಿತ್ತು. ಬ್ಲಾಗಿನ ಫೀಡ್, ಅಂದರೆ ಬರಹಗಳನ್ನ ಬೇರೆ ಆ್ಯಪ್‌ಗಳು ಓದಿಕೊಳ್ಳುವ ಕಡತ, ತೆರೆದು ನೋಡಿದ್ದರೆ ಅವತ್ತೇ ತಿಳಿಯುತ್ತಿತ್ತು. ಅದರಲ್ಲಿ ಗಂಟೆಯ ಪಕ್ಕದಲ್ಲೇ -07:00 ಅಂತ ಇತ್ತು, ಯುಟಿಸಿಗಿಂತ ಏಳು ಗಂಟೆ ಹಿಂದೆ ಅಂತ. ಎಲ್ಲಾ ಸೇವೆಗಳೂ ಹೀಗೆ ಹಳೆಯದನ್ನ ತಾವಾಗೇ ಹೊಂದಿಸುವುದಿಲ್ಲ, ಕೆಲವು ಹೊಸ ಬರಹಕ್ಕೆ ಮಾತ್ರ ಹೊಸ ಸಮಯ ಹಾಕುತ್ತವೆ. ಅದಕ್ಕೇ ಹೇಳಿದ್ದು, ಮೊದಲು ವಲಯ ಬದಲಿಸಿ, ಆಮೇಲೆ ಹಳೆಯದನ್ನ ನೋಡಿ, ಕೊನೆಗೆ ಬೇಕಾದರೆ ಕೈ ಹಾಕಿ.

ಸಮಯ ವಲಯದ ಪಟ್ಟಿಯಲ್ಲಿ ಬೆಂಗಳೂರು ಹುಡುಕಬೇಡಿ, ಸಿಗುವುದಿಲ್ಲ. ಇಡೀ ದೇಶಕ್ಕೆ ಇರುವುದು ಕೋಲ್ಕತಾ ಒಂದೇ, ಹಳೇ ಪಟ್ಟಿಗಳಲ್ಲಿ ಕಲ್ಕತ್ತಾ ಅಂತ ಇರುತ್ತದೆ. ನಮ್ಮ ಈಗಿನ ಭಾರತೀಯ ಕಾಲಮಾನ 1906ರಲ್ಲೇ ಬಂದರೂ ಆ ಊರು 1948ರವರೆಗೆ ತನ್ನದೇ ಬೇರೆ ಸಮಯ ಇಟ್ಟುಕೊಂಡಿತ್ತು, ಈಗ ನೋಡಿದರೆ ಅದರ ಹೆಸರಲ್ಲೇ ನಮ್ಮೆಲ್ಲರ ಗಡಿಯಾರ! ಆರಿಸುವಾಗ ಬೆರಳು ಜಾರಿ ಹತ್ತಿರದಲ್ಲೇ ಇರುವ ಕಠ್ಮಂಡು ಒತ್ತಿದರೆ ಹದಿನೈದು ನಿಮಿಷ ಮುಂದೆ ಹೋಗುತ್ತೀರಿ, ಅದು ಬೇಗ ಕಣ್ಣಿಗೆ ಬೀಳುವುದೂ ಇಲ್ಲ. ಊರಿನ ಹೆಸರಿಲ್ಲದೆ ಬರೀ ಅಂಕಿ ಇದ್ದರೆ +5 ಅಲ್ಲ, +6 ಅಲ್ಲ, +5:30 ಇರುವುದನ್ನೇ ಆರಿಸಿ.

ಇನ್ನೊಂದು ವಿಷಯ ಇದೇ ಹುಡುಕಾಟದಲ್ಲಿ ಸಿಕ್ಕಿತು. ತಾರೀಖಿನ ರೂಪವೂ ಅಮೆರಿಕದ್ದೇ ಇತ್ತು, ತಿಂಗಳು ಮೊದಲು, ದಿನ ಆಮೇಲೆ. 07/06 ಅಂತ ಇದ್ದರೆ ನಾವು ಜೂನ್ 7 ಅಂತ ಓದುತ್ತೇವೆ, ಅದು ಹೇಳುತ್ತಿದ್ದದ್ದು ಜುಲೈ 6. ಮೃಗಶಿರಾ ಮಳೆಗೂ ಪುನರ್ವಸು ಮಳೆಗೂ ಇರುವಷ್ಟು ಅಂತರ ಅದು. ಈಗ ತಿಂಗಳ ಹೆಸರು ಅಕ್ಷರದಲ್ಲೇ ಬರುವ ಹಾಗೆ ಮಾಡಿದ್ದೇನೆ.

ಹನ್ನೊಂದು ಬರಹಗಳನ್ನ ನಿನ್ನೆ ರಾತ್ರಿ ಕೂತು ಮತ್ತೆ ಸರಿ ಮಾಡಿದೆ. ಭಾವ ಫೋನಿನಲ್ಲಿ ಅವರ ನೋಟ್‌ಬುಕ್ ಓದುತ್ತಾ ಹೋದರು, ನಾನು ತಾಳೆ ನೋಡುತ್ತಾ ಹೋದೆ. ಒಂದು ಮಾತ್ರ ಉಳಿದಿದೆ. ಜುಲೈ 1ರ ಬರಹ ಆಗ ಜೂನ್ 30 ಅಂತ ಪ್ರಕಟವಾಗಿದ್ದರಿಂದ ಅದರ ಕೊಂಡಿಯಲ್ಲಿ 06 ಅಂತಲೇ ಇದೆ. ಕೊಂಡಿ ಬದಲಿಸಿದರೆ ವಾಟ್ಸಾಪಿನಲ್ಲಿ ಹಂಚಿಕೊಂಡವರಿಗೆ ಪುಟವೇ ಸಿಗುವುದಿಲ್ಲ, ಹಾಗಾಗಿ ಅದನ್ನ ಮುಟ್ಟಿಲ್ಲ. ಒಳಗೆ ತೆರೆದರೆ ಜುಲೈ 1 ಅಂತಲೇ ಕಾಣುತ್ತದೆ, ಆ ತಾರೀಖನ್ನೇ ನಂಬಿ.