‘ಕೂಸಿಗೆ ಏನೇನು ತಗೊಂಡು ಇಡಬೇಕ್ರಿ?’

ಚೊಚ್ಚಲ ಹೆರಿಗೆಗೆ ಅಂತ ವಿಜಯಪುರದ ನಮ್ಮ ಓಣಿಗೆ ತವರಿಗೆ ಬಂದ ಹುಡುಗಿಯರು ಕುಬಸದ ಗದ್ದಲ ಮುಗಿದ ಮೇಲೆ ನನ್ನ ಹತ್ತಿರ ಬಂದು ಕೂರುತ್ತಾರೆ. ಪ್ರಶ್ನೆ ಒಂದೇ: ‘ವೈನಿ, ಕೂಸಿಗೆ ಏನೇನು ತಗೊಂಡು ಇಡಬೇಕ್ರಿ?’ ಕೈಯಲ್ಲಿ ಮೊಬೈಲು, ಅದರಲ್ಲಿ ಯಾರೋ ಕಳಿಸಿದ ಉದ್ದ ಪಟ್ಟಿ. ಹಾಲಿನ ಬಾಟಲಿ ಸೆಟ್ಟು, ಅದನ್ನು ಕುದಿಸುವ ಮಷೀನು, ತಲೆ ದುಂಡಗಾಗಲಿ ಅಂತ ದಿಂಬು, ವಾಕರ್, ಐದಾರು ಥರದ ಕ್ರೀಮು. ಇದೇ ಊರಿನ ಬಿಸಿಲು, ಇದೇ ಊರಿನ ನೀರಿನಲ್ಲಿ ಮಕ್ಕಳನ್ನು ಬೆಳೆಸಿದವಳಾಗಿ ನಾನು ಹೇಳೋದು ಇಷ್ಟು: ಆ ಪಟ್ಟಿಯಲ್ಲಿ ಮುಕ್ಕಾಲು ಪಾಲು ಬೇಡ. ಉಳಿದ ರೊಕ್ಕವನ್ನು ಬಾಣಂತಿಗೆ ಅಂತ ತೆಗೆದಿಡಿ.

ಮೊದಲು ಬೇಕಾಗೋದು ಅರಿವಿ. ಹೊಸದಲ್ಲ, ಒಗೆದು ಒಗೆದು ಮೆತ್ತಗಾದದ್ದು. ಅಜ್ಜನ ಹಳೇ ಧೋತರ, ಆಯಿಯ ಹತ್ತಿ ಸೀರೆ ಇದ್ದರೆ ಕುದಿನೀರಿನಲ್ಲಿ ಅದ್ದಿ ಒಗೆದು, ಖಡಕ್ ಬಿಸಿಲಿನಲ್ಲಿ ಒಣಗಿಸಿ, ಚೌಕಾಗಿ ಹರಿದು ಮಡಚಿಡಿ. ಹಾಸಲು, ಹೊದಿಸಲು, ಲಂಗೋಟಿ ಕಟ್ಟಲು ಅದೇ ಸಾಕು. ಗುಳೇದಗುಡ್ಡದ ಖಣದ ಕುಂಚಿಗೆ ಹೊಲಿಸದೆ ನಮ್ಮ ಕಡೆ ಯಾರೂ ಬಿಡೋದಿಲ್ಲ, ಬಿಡಲೂಬಾರದು. ನೆತ್ತಿ, ಕಿವಿ ಮುಚ್ಚಿ ಬೆನ್ನ ಮೇಲೆ ಇಳಿಬಿದ್ದಾಗ ಕೂಸು ಏನು ಚಂದ ಕಾಣುತ್ತದೆ! ಆದರೆ ಹೊಲಿಸುವಾಗ ಟೇಲರ್‌ಗೆ ಹೇಳಿ. ಖಣದ ಒಳಮೈಯಲ್ಲಿ ನೂಲಿನ ಎಳೆಗಳು ಇರುತ್ತವೆ, ಅವು ಎಳೆ ಕೆನ್ನೆಗೆ ಉಜ್ಜುತ್ತವೆ. ಹಳೇ ಮಲ್‌ಮಲ್ ಅರಿವಿಯ ಅಸ್ತರ ಕೊಡಿಸಿ, ಹೊಲಿಗೆಯ ಗಂಟು ಅಸ್ತರ ಮತ್ತು ಖಣದ ನಡುವೆ ಉಳಿಯಬೇಕು. ಗದ್ದದ ಕೆಳಗಿನ ಕಸಿ ಗಿಡ್ಡ ಇರಲಿ, ಉದ್ದ ಇದ್ದರೆ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ಮಲಗಿಸುವಾಗ ಬಿಚ್ಚಿಡಿ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ; ಆಗ ಕುಂಚಿಗೆ, ಕಾಲುಚೀಲ, ಕೌದಿ ಎಲ್ಲ ಟ್ರಂಕಿನಲ್ಲಿರಲಿ. ಬಾಣಂತಿ ಕೋಣೆಯ ಕಿಟಕಿ ಮುಚ್ಚಿ, ಶೇಗಡಿಯಲ್ಲಿ ಲೋಬಾನ ಹಾಕಿ ಹೊಗೆ ತುಂಬಿಸುವ ರೂಢಿಯನ್ನಂತೂ ನಾನು ಒಪ್ಪುವುದಿಲ್ಲ. ಆ ಹೊಗೆ ಕೂಸಿನ ಎದೆಗೆ ಹೋಗುತ್ತದೆ.

ಲಂಗೋಟಿಯೋ ಡೈಪರೋ ಅಂತ ಕೇಳಿದರೆ, ಮನೆಗೆ ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತ ನಾನು ತಿರುಗಿ ಕೇಳುತ್ತೇನೆ. ನೀರು ಇದ್ದು, ಒಗೆಯುವ ಕೈ ಇದ್ದರೆ ಹಗಲೆಲ್ಲ ಲಂಗೋಟಿ. ರಾತ್ರಿ ಡೈಪರ್ ಹಾಕಿದರೆ ತಾಯಿಗೆ ನಿದ್ದೆ ಸಿಗುತ್ತದೆ, ಅದರಲ್ಲಿ ತಪ್ಪೇನಿಲ್ಲ. ಹೇಸಿಗೆ ಮಾಡಿದ ಕೂಡಲೇ ಬದಲಿಸಿ, ಸ್ವಲ್ಪ ಹೊತ್ತು ಗಾಳಿಗೆ ಬಿಡಿ. ನೀರು ವಾರಕ್ಕೊಮ್ಮೆ ಬರುವ ಓಣಿಯಲ್ಲಿ ‘ಡೈಪರ್ ಯಾಕ, ನಮ್ಮ ಕಾಲಕ್ಕ ಇತ್ತೇನು’ ಅಂತ ಬಾಣಂತಿಯ ಮುಂದೆ ಯಾರೂ ಅನ್ನಬೇಡಿ.

ತೊಟ್ಟಿಲನ್ನು ಕೊಳ್ಳುವ ಮುಂಚೆ ಬೀಗರಲ್ಲಿ, ದೊಡ್ಡಮ್ಮನ ಮನೆಯಲ್ಲಿ ವಿಚಾರಿಸಿ. ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲು ಯಾರದಾದರೂ ಅಟ್ಟದ ಮೇಲೆ ಇದ್ದರೆ ಅದು ಪುಣ್ಯ. ತಂದಮೇಲೆ ಸರಪಳಿ, ಕೊಂಡಿ, ಮೊಳೆ ಎಲ್ಲ ಅಲುಗಾಡಿಸಿ ನೋಡಿ. ಒಳಗೆ ಸಪಾಟಾದ, ಗಟ್ಟಿ ಹಾಸಿಗೆ ಇರಬೇಕು. ಕೂಸನ್ನು ಅಂಗಾತ ಮಲಗಿಸಬೇಕು, ದಿಂಬು ಬೇಡವೇ ಬೇಡ. ತಲೆ ದುಂಡಗಾಗಲು ಸಾಸಿವೆ ದಿಂಬು ಬೇಕು ಅನ್ನುವವರಿಗೆ ಒಂದು ಮಾತು: ಎಚ್ಚರ ಇದ್ದಾಗ ದಿನಾ ಸ್ವಲ್ಪ ಹೊತ್ತು ನಿಮ್ಮ ಕಣ್ಣ ಮುಂದೆ ಬೋರಲು ಹಾಕಿ, ತಲೆಯೂ ದುಂಡಗಾಗುತ್ತದೆ, ಕುತ್ತಿಗೆಯೂ ಗಟ್ಟಿಯಾಗುತ್ತದೆ.

ಬಾಟಲಿ ತರಬೇಡಿ. ಹಾಲಿನ ಬಾಟಲಿ, ಹಾಲಿನ ಪುಡಿ, ಎರಡು ವರ್ಷದೊಳಗಿನ ಮಕ್ಕಳ ಡಬ್ಬಿ ಆಹಾರದ ಜಾಹೀರಾತನ್ನೇ ನಮ್ಮ ದೇಶದಲ್ಲಿ ಕಾನೂನು ತಡೆದಿದೆ. 1992ರಲ್ಲಿ ಬಂದ ಕಾಯ್ದೆ, 2003ರಲ್ಲಿ ಇನ್ನೂ ಬಿಗಿಯಾಯಿತು. ತಾಯಿಗೆ ಹುಷಾರಿಲ್ಲದೆಯೋ, ಕೂಸಿಗೆ ಕಚ್ಚಿಕೊಳ್ಳಲು ಬಾರದೆಯೋ ಹಿಂಡಿದ ಹಾಲು ಕುಡಿಸಬೇಕಾಗಿ ಬಂದರೆ ಒಳಲೆ, ಅಂದರೆ ಮೂತಿ ಇರುವ ಪುಟ್ಟ ಬಟ್ಟಲು, ಇದೆಯಲ್ಲ. ನಾನು ಮನಸಾರೆ ಮೆಚ್ಚುವ ಸಾಮಾನು ಅದು. ಬೆಳ್ಳಿಯದೇ ಆಗಬೇಕಿಲ್ಲ, ಸ್ಟೀಲಿನದೂ ನಡೆಯುತ್ತದೆ. ಕೂಸನ್ನು ಅರೆ ಕೂತ ಹಾಗೆ ತೊಡೆಯ ಮೇಲೆ ಎತ್ತಿ ಹಿಡಿಯಬೇಕು, ತಲೆಗೆ ಮೊಣಕೈ ಆಸರೆ. ಒಳಲೆಯ ಮೂತಿ ತುಟಿಯ ಮೂಲೆಗೆ ತಾಗಿಸಿ, ಹಾಲು ತುಟಿಗೆ ಬರುವಷ್ಟು ಬಾಗಿಸಿ, ಅಲ್ಲೇ ತಡೆಯಿರಿ. ಕೂಸೇ ನಾಲಿಗೆ ಚಾಚಿ ಎಳೆದುಕೊಳ್ಳುತ್ತದೆ. ನುಂಗಿದ್ದು ನೋಡಿ ಮುಂದಿನ ಗುಟುಕು. ಸುರಿಯಬಾರದು. ತೊಳೆಯುವುದೂ ಸುಲಭ, ಹಾಲು ಸಿಕ್ಕಿಕೊಳ್ಳುವ ಸಂದಿಯೇ ಇಲ್ಲ. ಹಾಲು ಸಾಲದೆ ಪುಡಿ ಹಾಲು ಬೇಕೇ ಬೇಕು ಅಂತ ಡಾಕ್ಟರ್ ಹೇಳಿದರೆ ಆ ತಾಯಿ ಸಂಕಟಪಡಬೇಕಾದ್ದಿಲ್ಲ. ಡಬ್ಬಿಯ ಮೇಲೆ ಬರೆದ ಅಳತೆಯಲ್ಲೇ, ಕುದಿಸಿದ ನೀರಿನಲ್ಲಿ ಕಲಸಿ ಕೊಡಿ. ನೀರು ಹೆಚ್ಚು ಹಾಕಿ ತೆಳ್ಳಗೆ ಮಾಡಿ ಪುಡಿ ಉಳಿಸಲು ಹೋಗಬೇಡಿ.

ಇನ್ನು ಬೇಸಿಗೆಯಲ್ಲಿ ಹುಟ್ಟಿದ ಕೂಸಿದ್ದರೆ ಮನೆಯಲ್ಲಿ ಒಂದು ಜಗಳ ಖಾಯಂ. ‘ಯವ್ವಾ, ಈ ಬಿಸಲಾಗ ಗಂಟಲ ಆರತೈತಿ, ಎರಡ ಹನಿ ನೀರ ಹಾಕ!’ ಆಯಿಯ ಅಕ್ಕರೆ ದೊಡ್ಡದು, ಆದರೆ ನೀರು ಹಾಕಬೇಡಿ. ತಾಯಿಯ ಹಾಲಿನಲ್ಲಿ ಶೇಕಡಾ 87ರಷ್ಟು ನೀರೇ ಇದೆ. ಆರು ತಿಂಗಳು ತುಂಬುವ ತನಕ ಡಾಕ್ಟರ್ ಕೊಟ್ಟ ಔಷಧ ಬಿಟ್ಟು ಎದೆಹಾಲೊಂದೇ. ಸೆಕೆ ಹೆಚ್ಚಾದರೆ ಕೂಸು ಮೇಲಿಂದ ಮೇಲೆ ಎದೆಗೆ ಬರುತ್ತದೆ, ಬಿಡಿ. ಆಯಿಗೆ ಹೀಗೆ ಹೇಳಿ ನೋಡಿ: ‘ಆ ನೀರು ನನಗ ಕೊಡ್ರಿ, ನಾ ಕುಡದ್ರ ನಾ ಆರಾಮ ಇರ್ತೀನಿ.’ ತಂಬಿಗೆ ತುಂಬಿ ತಂದು ಕೊಡುತ್ತಾರೆ. ಬಾಣಂತಿಗೆ ನೀರು ಕೊಡಬಾರದು ಅನ್ನುವ ಮಾತೂ ನಮ್ಮಲ್ಲಿದೆ, ಅದನ್ನೂ ಇದರ ಜೊತೆಗೇ ಕೈಬಿಡಬೇಕು.

ಹಿರಿಯರ ಮಾತಿನಲ್ಲಿ ನಾನು ಕಣ್ಣಿಗೊತ್ತಿಕೊಂಡು ಇಟ್ಟುಕೊಂಡದ್ದು ಎಣ್ಣೆ ನೀವುವುದು. ಮೆಲ್ಲಗೆ, ತಾಯಿಯೋ ಆಯಿಯೋ ಮಾತಾಡುತ್ತ ನೀವಿದರೆ ಕೂಸು ಎಷ್ಟು ಸುಖವಾಗಿ ಮಲಗುತ್ತದೆ ಅನ್ನೋದನ್ನು ನೋಡಿಯೇ ನಂಬಬೇಕು. ಬಿಟ್ಟದ್ದು ಹಲವು. ಎರೆಯುವಾಗ ಕಿವಿ, ಮೂಗಿಗೆ ಎಣ್ಣೆ ಬಿಡಬಾರದು. ಹುಟ್ಟಿದ ಕೂಸಿನ ಎದೆ ಉಬ್ಬಿದ್ದರೆ ಹಿಂಡಬಾರದು. ತಾಯಿಯ ಹಾರ್ಮೋನಿನಿಂದ ಹಾಗಾಗಿರುತ್ತದೆ, ತಾನೇ ಇಳಿಯುತ್ತದೆ, ಹಿಂಡಿದರೆ ಕೀವಾಗುತ್ತದೆ. ಹೊಕ್ಕುಳಿಗೆ ಏನೂ ಹಚ್ಚದೆ ಒಣಗಲು ಬಿಡಬೇಕು. ಕಣ್ಣಿಗೆ ಕಾಡಿಗೆ ಬೇಡ, ಅದರಲ್ಲಿ ಸೀಸ ಇರಬಹುದು. ಜೇನುತುಪ್ಪ ವರ್ಷ ತುಂಬುವ ತನಕ ನಾಲಿಗೆಗೂ ಮುಟ್ಟಿಸಬಾರದು, ಅದರಲ್ಲಿರಬಹುದಾದ ರೋಗಾಣು ಎಳೆ ಕೂಸಿನ ನರಗಳನ್ನೇ ಸೋಲಿಸುತ್ತದೆ. ಬಜೆ, ಜಾಯಿಕಾಯಿ ತೇಯ್ದು ನೆಕ್ಕಿಸುವುದನ್ನೂ ಬಿಡಿ. ಬಿಸಿಲಿನ ಊರಾದರೂ ಕೂಸಿಗೆ ವಿಟಮಿನ್ ಡಿ ಹನಿ ಬೇಕು, ಮೊದಲ ವರ್ಷ ದಿನಕ್ಕೆ 400 ಯೂನಿಟ್, ಡಾಕ್ಟರ್ ಬರೆದುಕೊಡುತ್ತಾರೆ. ಔಷಧದ ಪೆಟ್ಟಿಗೆಯಲ್ಲಿ ಡಿಜಿಟಲ್ ಥರ್ಮಾಮೀಟರ್ ಇರಲಿ: ಮೂರು ತಿಂಗಳೊಳಗಿನ ಕೂಸಿಗೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಮನೆಮದ್ದು ನೋಡುತ್ತ ಕೂರಬಾರದು, ಆಗಿಂದಾಗಲೇ ಆಸ್ಪತ್ರೆಗೆ. ತಾಯಿ ಕಾರ್ಡ್ ಕೈಗೆ ಸಿಗುವಲ್ಲಿ ಇಡಿ; ಆರು, ಹತ್ತು, ಹದಿನಾಲ್ಕನೇ ವಾರದ ಚುಚ್ಚುಮದ್ದು ತಪ್ಪಬಾರದು.

ಆರು ತಿಂಗಳಾದ ಮೇಲೆ ಡಬ್ಬಿ ಬೇಡ, ಅಡುಗೆಮನೆ ಸಾಕು. ಜೋಳದ ನುಚ್ಚನ್ನು ಮೆತ್ತಗೆ ಬೇಯಿಸಿ ಹಿಸುಕಿದ್ದು, ಹೆಸರುಬೇಳೆ ಅನ್ನ, ಬೇಯಿಸಿದ ಗಜ್ಜರಿ, ಬಾಳೆಹಣ್ಣು, ಮೇಲೊಂದು ಚಮಚ ತುಪ್ಪ. ಚಮಚ ಬಾಗಿಸಿದರೆ ಜಾರಿ ಬೀಳುವಷ್ಟು ನೀರಾಗಿರಬಾರದು. ಉಪ್ಪು ವರ್ಷದ ತನಕ, ಸಕ್ಕರೆ ಎರಡು ವರ್ಷದ ತನಕ ಬೇಕಿಲ್ಲ. ನಮ್ಮ ಜಿಲ್ಲೆಯವರಿಗೆ ವಿಶೇಷವಾಗಿ ಹೇಳಬೇಕಾದದ್ದು ಎರಡಿದೆ: ದ್ರಾಕ್ಷಿ ಮತ್ತು ಶೇಂಗಾ. ತಿಕೋಟಾ ಕಡೆಯಿಂದ ಬುಟ್ಟಿಗಟ್ಟಲೆ ದ್ರಾಕ್ಷಿ ಬರುವ ಕಾಲಕ್ಕೆ ಬಂದವರೆಲ್ಲ ಮಗುವಿನ ಕೈಗೆ ಒಂದೊಂದು ಹಣ್ಣು ಇಡುತ್ತಾರೆ. ಇಡೀ ದ್ರಾಕ್ಷಿ ಎಳೆ ಗಂಟಲಿಗೆ ಬೂಚಿನ ಹಾಗೆ ಕೂತುಬಿಡುತ್ತದೆ. ಉದ್ದಕ್ಕೆ ನಾಲ್ಕಾಗಿ ಸೀಳಿ ಕೊಡಿ. ಇಡೀ ಶೇಂಗಾ ಕಾಳು ನಾಲ್ಕೈದು ವರ್ಷದ ತನಕ ಬೇಡ. ಮೊದಮೊದಲು ಚೂರೇ ಚೂರು ರುಚಿ ತೋರಿಸಿ, ಒಗ್ಗಿದ ಮೇಲೆ ನುಣ್ಣಗೆ ಕುಟ್ಟಿದ ಪುಡಿಯನ್ನು ಅನ್ನದಲ್ಲಿ ಕಲಸಿ.

ವಾಕರ್‌ನಿಂದ ಮಗು ಬೇಗ ನಡೆಯುವುದಿಲ್ಲ, ತಡವಾಗಬಹುದು, ಮೆಟ್ಟಿಲಿನಿಂದ ಉರುಳುತ್ತದೆ. ಕೆನಡಾ ದೇಶದಲ್ಲಿ 2004ರಿಂದ ಅದರ ಮಾರಾಟವೇ ನಿಷೇಧ. ಆಟಿಕೆಗೆ ಸ್ಟೀಲಿನ ಬಟ್ಟಲು, ಚಮಚ, ಮುಚ್ಚಳ ಕೊಟ್ಟು ನೋಡಿ. ಕೊಳ್ಳುವುದೇ ಆದರೆ ಐಎಸ್‌ಐ ಗುರುತು ನೋಡಿ, 2021ರ ಜನವರಿ 1ರಿಂದ ಆಟಿಕೆಗೆ ಅದು ಕಡ್ಡಾಯ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಮಿಣಮಿಣ ಹೊಳೆಯುವ ಆಟಿಕೆ ಕೊಡಿಸಿದರೆ ಗುಂಡಿಯಂಥ ಬ್ಯಾಟರಿ ಇದೆಯೇ, ಅದರ ಮುಚ್ಚಳಕ್ಕೆ ಸ್ಕ್ರೂ ಇದೆಯೇ ನೋಡಿ. ನುಂಗಿದರೆ ಎರಡು ತಾಸಿನಲ್ಲೇ ಅನ್ನನಾಳ ಸುಡಬಹುದು.

ಮೊಬೈಲು ಎರಡು ವರ್ಷದ ತನಕ ಬೇಡ, ಊರಲ್ಲಿಲ್ಲದ ಅಪ್ಪನ ಜೊತೆ ವಿಡಿಯೋ ಕಾಲ್ ಒಂದನ್ನು ಬಿಟ್ಟು. ಕತೆಗೆ ನ್ಯಾಷನಲ್ ಬುಕ್ ಟ್ರಸ್ಟ್‌ನ, ಪ್ರಥಮ್ ಬುಕ್ಸ್‌ನ ಕನ್ನಡ ಚಿತ್ರಪುಸ್ತಕಗಳು ಕಡಿಮೆ ಬೆಲೆಗೆ ಸಿಗುತ್ತವೆ. ಪ್ರಥಮ್‌ನವರ ಸ್ಟೋರಿವೀವರ್‌ನಲ್ಲಿ ಪುಕ್ಕಟೆಯೂ ಇವೆ. ಮಗು ಪುಟ ಹರಿಯಲಿ, ಕಚ್ಚಲಿ. ಸ್ಕೂಟರಿಗೆ ಮಾತ್ರ ಖರ್ಚು ನೋಡಬೇಡಿ: ನಾಲ್ಕು ವರ್ಷದೊಳಗಿನ ಮಗುವಿಗೆ ಸುರಕ್ಷತಾ ಬೆಲ್ಟು, ಒಂಬತ್ತು ತಿಂಗಳು ದಾಟಿದ್ದರೆ ಹೆಲ್ಮೆಟ್ಟೂ, ಗಂಟೆಗೆ 40 ಕಿಲೋಮೀಟರ್ ಮೀರದ ವೇಗ ಅಂತ ನಿಯಮವೇ ಇದೆ.

ಈಗ ಉಳಿದ ರೊಕ್ಕದ ಮಾತು. ಅಂಟಿನುಂಡಿ, ಅಳವಿ ಪಾಯಸ ಹೇಗೂ ತವರಿನಲ್ಲಿ ಆಗುತ್ತವೆ. ಅದರ ಜೊತೆ ಸೊಪ್ಪು, ಬೇಳೆ, ಹಾಲು, ತಿನ್ನುವವರಾದರೆ ತತ್ತಿ, ಹಣ್ಣು. ಪಥ್ಯದ ಹೆಸರಿನಲ್ಲಿ ಅನ್ನ ಮೆಣಸಿನ ಸಾರಿಗೇ ನಿಲ್ಲಿಸಬೇಡಿ. ಅರಿವಿ ಒಗೆಯಲು ಮೂರು ತಿಂಗಳಾದರೂ ಒಬ್ಬರನ್ನು ಸಂಬಳಕ್ಕೆ ಗೊತ್ತುಮಾಡಿ. ಹಗಲು ಒಂದು ಹೊತ್ತು ಕೂಸನ್ನು ಬೇರೆಯವರು ಎತ್ತಿಕೊಂಡು, ತಾಯಿ ಬಾಗಿಲು ಹಾಕಿಕೊಂಡು ಮಲಗಬೇಕು. ಹೆರಿಗೆಯಾದ ಮೊದಲ ವಾರ ಸುಮ್ಮಸುಮ್ಮನೆ ಅಳು ಬರುವುದುಂಟು. ಎರಡು ವಾರ ದಾಟಿಯೂ ಅದು ನಿಲ್ಲದಿದ್ದರೆ, ಕೂಸಿನ ಮೇಲೆ ಮನಸ್ಸೇ ಹೋಗದಿದ್ದರೆ ಅದು ಸೊಕ್ಕೂ ಅಲ್ಲ, ದೆವ್ವವೂ ಅಲ್ಲ. ಅದಕ್ಕೆ ಔಷಧ ಇದೆ. ಡಾಕ್ಟರ್‌ಗೆ ತೋರಿಸಿ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ರೊಕ್ಕ ಬೀಳುವುದಿಲ್ಲ.

ಕುಬಸಕ್ಕೆ ಏನು ಉಡುಗೊರೆ ಒಯ್ಯಲಿ ಅಂತ ಕೇಳುವ ಗೆಳತಿಯರಿಗೂ ಇದೇ ಹೇಳುತ್ತೇನೆ. ಮೂರು ತಿಂಗಳಿಗೆ ಗಿಡ್ಡಾಗುವ ಫ್ರಾಕು ಬಿಟ್ಟು, ಹೆರಿಗೆಯಾದ ಮೇಲೆ ಯಾವ ವಾರ ಮಧ್ಯಾಹ್ನ ಬಂದು ಕೂಸು ನೋಡಿಕೊಳ್ಳುತ್ತೀರಿ ಅಂತ ಅವಳ ಅವ್ವನ ಹತ್ತಿರ ಮಾತಾಡಿ ಬನ್ನಿ. ಬರುವಾಗ ಬಿಸಿ ರೊಟ್ಟಿ, ಮೆಂತ್ಯ ಪಲ್ಯದ ಬುತ್ತಿ ತನ್ನಿ.